ಕಲ್ಲಿನ ಬೆನ್ನು

ಹುಣಸೆಹಣ್ಣು ಚೆನ್ನಾಗಿ ನೆನೆದಿತ್ತು. ಮಮತ ಅದನ್ನು ಬಟ್ಟಲಿನಲ್ಲೇ ಕಿವುಚಿ, ನಾರು ತೆಗೆದು, ಉಳಿದ ಮೆತ್ತನೆಯ ತಿರುಳನ್ನು ಸಮಾಧಿಯ ಹಾಲುಗಲ್ಲಿನ ಮೇಲೆ ಅಂಗೈಯಿಂದ ಬಳಿದಳು. ಹಬ್ಬದ ಹಿಂದಿನ ದಿನ ಹಿತ್ತಾಳೆ ಕೊಡಗಳಿಗೆ ಬಳಿಯುತ್ತಾರಲ್ಲ, ಹಾಗೆಯೇ. ಸ್ವಲ್ಪ ಹೊತ್ತು ಬಿಡಬೇಕು. ಬಿಟ್ಟರೆ ಸಾಸಿವೆಗಿಂತ ಸಣ್ಣ ಗುಳ್ಳೆಗಳು ಏಳುತ್ತವೆ. ಕೊಳೆ ಬಿಡುತ್ತಿದೆ ಎಂಬುದಕ್ಕೆ ಅದೇ ಗುರುತು ಎಂದು ಅವಳು ತಿಳಿದಿದ್ದಳು. ಗುಳ್ಳೆ ಎದ್ದ ಮೇಲೆ ತೆಂಗಿನ ಜುಂಗು ಹಿಡಿದು ಉಜ್ಜತೊಡಗಿದಳು.

ಐದಾರು ಸಲ ಕೈ ಆಡಿಸಿದ ಮೇಲೆ ಬೆರಳಿಗೆ ಏನೋ ತರಿತರಿಯಾಗಿ ಹತ್ತಿತು. ಮಣ್ಣಿರಬೇಕೆಂದು ನೀರು ಹುಯ್ದಳು. ಮಣ್ಣಲ್ಲ. ಸಕ್ಕರೆಯಂಥ ಬಿಳಿ ಹರಳುಗಳು, ಕಲ್ಲಿನಿಂದಲೇ ಉದುರುತ್ತಿದ್ದವು.

ಅವಳು ಜುಂಗು ಕೆಳಗಿಟ್ಟು ಅಕ್ಷರಗಳ ಮೇಲೆ ಬೆರಳಿಟ್ಟಳು. ಏಳು ವರ್ಷದ ಹಿಂದೆ ಕಲ್ಲು ನಿಲ್ಲಿಸಿದಾಗ ಬೆರಳ ತುದಿ ಹೂತುಹೋಗುವಷ್ಟು ಆಳವಾಗಿದ್ದವು. ಈಗ ‘ಅ’ ಸಿಗಲೇ ಇಲ್ಲ. ‘ನು’ ಇದೆಯೋ ಇಲ್ಲವೋ ತಿಳಿಯಲಿಲ್ಲ. ‘ಸೂ’ ಅಕ್ಷರದ ಬಾಲ, ‘ಯ’ ಅಕ್ಷರದ ಒಂದು ಸುತ್ತು, ಅಷ್ಟೇ. ಕಳೆದ ಅಮಾವಾಸ್ಯೆಗೂ ಹೀಗೇ ಇತ್ತೇ? ಇದ್ದಿರಬಹುದು. ಪ್ರತಿ ತಿಂಗಳೂ ಮುಟ್ಟುವ ವಸ್ತುವನ್ನು ಯಾರು ನೋಡುತ್ತಾರೆ?

ಅನುಸೂಯ ಮಮತಳ ಗಂಡ ನಂದೀಶನ ಮೊದಲ ಹೆಂಡತಿ. ನಾಲ್ಕು ವರ್ಷದ ಮಗಳು ದಿವ್ಯಳನ್ನು ಬಿಟ್ಟು ಕಾಮಾಲೆಯಿಂದ ತೀರಿಕೊಂಡು ಇಪ್ಪತ್ತೆರಡು ವರ್ಷವಾಗಿತ್ತು. ಮನೆಯವರನ್ನೆಲ್ಲ ಮಣ್ಣು ಮಾಡುವುದು ಈ ಹೊಲದ ಮೂಲೆಯಲ್ಲೇ. ಎರಡನೆಯವಳಾಗಿ ಬಂದ ಮಮತ ಸವತಿಯ ಹೆಸರಿನ ಚಿನ್ನದ ಬಿಲ್ಲೆಯನ್ನು ತನ್ನ ತಾಳಿಯ ಪಕ್ಕದಲ್ಲಿ ಹಾಕಿಕೊಂಡೇ ಈ ಮನೆ ಸೇರಿದ್ದಳು. ಅಮಾವಾಸ್ಯೆ ಅಮಾವಾಸ್ಯೆಗೆ ಸಮಾಧಿ ತೊಳೆದು ಕುಂಕುಮವಿಟ್ಟ ಮೇಲೆಯೇ ಅವಳು ತನ್ನ ಹಣೆಗೆ ಇಟ್ಟುಕೊಳ್ಳಬೇಕು. ಹಿರಿಯರ ಹಬ್ಬದಲ್ಲಿ ಸವತಿಗೆ ಎಡೆ ಇಟ್ಟ ಸೀರೆಯನ್ನು ಉಡಬೇಕು. ಇದನ್ನೆಲ್ಲ ಯಾರೂ ಕಟ್ಟುನಿಟ್ಟು ಮಾಡಿರಲಿಲ್ಲ; ಬೇರೆ ರೀತಿಯೂ ಇರಬಹುದೆಂದು ಯಾರಿಗೂ ತೋಚಿರಲಿಲ್ಲ, ಅಷ್ಟೆ. ಮೊದಲು ಇಲ್ಲಿದ್ದದ್ದು ಇಟ್ಟಿಗೆಯ ಕಟ್ಟೆ. ದಿವ್ಯ ದೊಡ್ಡಬಳ್ಳಾಪುರದ ತಾಲ್ಲೂಕು ಕಚೇರಿಯಲ್ಲಿ ಕೆಲಸಕ್ಕೆ ಸೇರಿದ ವರ್ಷ, ಮೊದಲ ಸಂಬಳಕ್ಕೆ, ಹಠ ಹಿಡಿದು ಬಿಳಿಯ ಕಲ್ಲನ್ನೇ ನಿಲ್ಲಿಸಿದ್ದಳು.

ಮೋಟಾರು ಸೈಕಲ್ಲಿನ ಸದ್ದು ಕೇಳಿ ಮಮತ ತಿರುಗಿದಳು. ಬೈರೇಶ, ಅನುಸೂಯಳ ತಮ್ಮ. ಅಕ್ಕನ ಜಾಗಕ್ಕೆ ಬಂದವಳೂ ಅಕ್ಕನೇ ಎಂದು ಅವನು ಮಮತಳನ್ನು ಕರೆಯುತ್ತಿದ್ದುದು ಹಾಗೆಯೇ. ಹಿರಿಯರ ಹಬ್ಬಕ್ಕೆ ಒಂದು ದಿನ ಮುಂಚೆ ಬಂದು ತಾನೇ ಮುಂದೆ ನಿಂತು ಎಲ್ಲ ನೋಡಿಕೊಳ್ಳುವುದು ಅವನ ಪದ್ಧತಿ.

“ಏನಕ್ಕಾ, ಬೆಳಬೆಳಗ್ಗೇನೇ ನಮ್ಮಕ್ಕಂಗೆ ಎಣ್ಣೆ ನೀರು ಹಾಕ್ತಾ ಇದ್ದೀಯಾ?”

“ಬಾ ಬೈರೇಶ. ಮಸಿ ಹಿಡ್ದಿತ್ತು.”

ಅವನು ಚಪ್ಪಲಿ ಬಿಟ್ಟು ಹತ್ತಿರ ಬಂದು ಕುಕ್ಕುರುಗಾಲಲ್ಲಿ ಕೂತ. ಕೈ ಮುಗಿಯಲು ಎತ್ತಿದವನು ಹಾಗೆಯೇ ನಿಲ್ಲಿಸಿದ.

“ಹೆಸ್ರೆಲ್ಲಿ?”

“ಮಾಸೈತೆ.”

“ಮಾಸಕ್ಕೆ ಇದೇನು ಸೀರೆ ಬಾರ್ಡರ್ರಾ? ಕಲ್ಲು ಕಣಕ್ಕ!” ಅವನು ಬಟ್ಟಲನ್ನು ಎತ್ತಿ ಮೂಸಿದ. “ಹುಳಿ. ಅಮಾಸೆ ಅಮಾಸೆಗೂ ಇದ್ರಲ್ಲೇ ಉಜ್ತೀಯಾ?”

“ಸೋಪಿನ ಪುಡಿಗೆ ಹೋಗಲ್ಲ ಆ ಮಸಿ. ಜಿಡ್ಡು ಜಿಡ್ಡು.”

“ಬಲೇ ಕಣಕ್ಕ ನೀನು. ಏಳು ವರ್ಷ ತಾಳ್ಮೆಯಿಂದ ಉಜ್ಜಿ, ಕೊನೆಗೂ ಸವತಿ ಹೆಸ್ರ ಅಳಿಸ್ಬುಟ್ಟೆ!” ಎಂದು ನಕ್ಕ. ನಗು ಬಾಯಿಯಲ್ಲಿ ಮಾತ್ರ ಇತ್ತು. ಮೊಬೈಲು ತೆಗೆದು ಕಲ್ಲಿನ ಫೋಟೋ ಹಿಡಿದ. ಬಟ್ಟಲು, ಜುಂಗು, ಮಮತಳ ಒದ್ದೆ ಕೈ ಎಲ್ಲವೂ ಅದರಲ್ಲಿ ಬಂದಿರಬೇಕು.

“ದಿವ್ಯಂಗೆ ಹಾಕ್ದೆ.”

“ಯಾಕಪ್ಪಾ, ನಾಳೆ ಬರ್ತಾಳಲ್ಲ.”

“ಬರೋಳಿಗೆ ಮುಂಚೇನೇ ಗೊತ್ತಿರ್ಲಿ. ಮಾಡ್ಸಿದ್ದು ಅವ್ಳು ತಾನೆ?” ಎಂದವನು ತೆರೆಯನ್ನೇ ನೋಡುತ್ತಾ, “ನೋಡವ್ಳೆ ಆಗ್ಲೇ,” ಎಂದ.

ಮನೆಗೆ ಬರುವಷ್ಟರಲ್ಲಿ ಸುದ್ದಿ ಅವಳಿಗಿಂತ ಮುಂದೆ ಬಂದಿತ್ತು. ಅತ್ತೆ ಪಿಳ್ಳಮ್ಮ ಜಗಲಿಯ ಮೇಲೆ ಎಲೆ ಅಡಿಕೆ ಕುಟ್ಟುತ್ತಿದ್ದಳು. ಎಂಬತ್ತು ದಾಟಿದರೂ ಅವಳ ನಾಲಗೆಗೆ ಇಪ್ಪತ್ತೇ.

“ಬಾರವ್ವ ಬಾ. ಹಿತ್ತಾಳೆ ಚೊಂಬು ತೊಳ್ದಂಗೆ ಸವತೀನ ತೊಳ್ದು ಬಂದ್ಯಾ? ನನ್ನೂ ಹಂಗೇ ತೊಳ್ದುಬುಡು, ಈಗ್ಲೇ. ಆಮೇಲೆ ಹೆಸ್ರು ಬರ್ಸೋ ಖರ್ಚೂ ಉಳೀತದೆ.”

“ಅತ್ತೆ, ನಾನು ಮಸಿ ಹೋಗ್ಲಿ ಅಂತ...”

“ಅಯ್ಯೋ, ನಾನೇನಂದೆ ಈಗ? ನಿನ್ ಕೈ ಗಟ್ಟಿ ಅಂದೆ, ಅಷ್ಟೇಯ.”

ಒಳಗೆ ನಂದೀಶ ಯಾರೊಂದಿಗೋ ಫೋನಿನಲ್ಲಿ ಮಾತಾಡುತ್ತಿದ್ದ. “ಹೂಂ, ಸೋಮವಾರ. ಹಬ್ಬದ ಮಾರ್ನೇ ದಿನ. ಮನೆಗೇ ತಂದ್ಬಿಡಿ ಪೇಪರ್ರ, ಅವ್ಳು ಇಲ್ಲೇ ಇರ್ತಾಳೆ.” ಫೋನಿಟ್ಟು ಮಮತಳತ್ತ ನೋಡಿದ. “ಶೆಡ್ಡಿನೋರು. ಇನ್ನೈದು ವರ್ಷಕ್ಕೆ ಅಗ್ರಿಮೆಂಟು ಹಾಕ್ತಾರಂತೆ. ನಿನ್ ಸಹಿ ಬೇಕು.”

ಸಮಾಧಿಯ ಆಚೆ ಬದಿಯ ಒಂದು ಎಕರೆ ಮಮತಳ ಹೆಸರಿನಲ್ಲಿತ್ತು. ಅಣ್ಣತಮ್ಮಂದಿರ ಭಾಗದಿಂದ ಹೊರಗಿರಲಿ ಎಂದು ಕೊಂಡಾಗಲೇ ನಂದೀಶ ಹಾಗೆ ಬರೆಸಿದ್ದ. ಅಲ್ಲಿ ಐದು ವರ್ಷದಿಂದ ದಾಬಸ್‌ಪೇಟೆಯ ಕಡೆಯವರು ಶೆಡ್ಡು ಹಾಕಿಕೊಂಡು ಹಳೆಯ ಟೈರುಗಳನ್ನು ಕಾಯಿಸಿ ಎಣ್ಣೆ ತೆಗೆಯುತ್ತಿದ್ದರು. ಮೊದಲ ಸಲ ಸಹಿ ಹಾಕುವಾಗ ಅವಳು ಏನೆಂದು ಕೇಳಿರಲಿಲ್ಲ. ಪೆನ್ನು ಕೊಟ್ಟಿದ್ದ, ಹಾಕಿದ್ದಳು.

“ಬೈರೇಶ ಹೇಳ್ದ,” ಎಂದ ನಂದೀಶ ದನಿ ಇಳಿಸಿ. “ಕಲ್ಲಿನ ಗೋಪಾಲಪ್ಪಂಗೆ ಬರಕ್ಕೇಳಿದ್ದೀನಿ. ಹೊಸ್ದು ಹಾಕ್ಸೋಣ. ನೀನು ತಲೆ ಕೆಡಿಸ್ಕೋಬೇಡ.”

ಅವನು ಬೈಯಲಿಲ್ಲ. ಬೈದಿದ್ದರೆ ಉತ್ತರ ಹೇಳಬಹುದಿತ್ತು.

ಮಮತ ಕಡುಬಿಗೆ ಅಕ್ಕಿ ನೆನೆಹಾಕಿದಳು. ಫೋನು ಕಿಟಕಿಯ ಮೇಲಿತ್ತು. ಹಬ್ಬದ ಹಿಂದಿನ ದಿನ ದಿವ್ಯ ತಪ್ಪದೆ ಫೋನ್ ಮಾಡುತ್ತಿದ್ದಳು. ‘ಅಮ್ಮ, ಈ ಸಲ ಯಾವ ಬಣ್ಣ ತರ್ಲಿ? ಹೋದ ಸಲ ಹಸಿರಾಯ್ತು’ ಎಂದು. ಬಣ್ಣ ಸತ್ತವಳಿಗಲ್ಲ, ಉಡುವವಳಿಗೆ ಒಪ್ಪಬೇಕು ಎಂಬುದು ಇಬ್ಬರ ನಡುವಿನ ಒಂದು ಗುಟ್ಟಿನ ತಮಾಷೆಯಾಗಿತ್ತು. ಹನ್ನೊಂದಾಯಿತು, ಹನ್ನೆರಡಾಯಿತು. ಅಕ್ಕಿ ನೆನೆಯುವುದನ್ನು ನೋಡುತ್ತ ನಿಲ್ಲುವ ಅಗತ್ಯವಿರಲಿಲ್ಲ, ಆದರೂ ನಿಂತಿದ್ದಳು. ತೊಳೆದ ಪಾತ್ರೆಯನ್ನೇ ಮತ್ತೆ ತೊಳೆದಳು. ತಾನೇ ಫೋನ್ ಮಾಡಲೆಂದು ಎರಡು ಸಲ ಕೈಗೆತ್ತಿಕೊಂಡು ಎರಡು ಸಲ ಕೆಳಗಿಟ್ಟಳು. ಏನೆಂದು ಶುರು ಮಾಡುವುದು? ‘ನಾನು ಅಳಿಸಲಿಲ್ಲ’ ಎಂದರೆ ಅಳಿಸಿದವಳೇ ಹೇಳುವ ಮಾತಿನ ಹಾಗಿರುತ್ತದೆ.

ಈ ಮನೆಗೆ ಬಂದ ಹೊಸದರಲ್ಲಿ ಆ ಮಗು ಅವಳನ್ನು ಏನೆಂದೂ ಕರೆಯುತ್ತಿರಲಿಲ್ಲ. ಸೆರಗು ಎಳೆಯುತ್ತಿತ್ತು. ಹಸಿವಾದರೆ ಒಂದು ಸಲ, ನಿದ್ದೆ ಬಂದರೆ ಎರಡು ಸಲ. ಎಂಟು ತಿಂಗಳಾದ ಮೇಲೆ ಒಂದು ದಿನ ಹಿತ್ತಿಲಲ್ಲಿ ಜಾರಿ ಬಿದ್ದು “ಅಮ್ಮಾ” ಎಂದು ಕೂಗಿತು. ಅದು ತನ್ನನ್ನೋ, ಸತ್ತವಳನ್ನೋ, ಎಲ್ಲರೂ ಬಿದ್ದಾಗ ಕೂಗುವ ಹಾಗೆ ಸುಮ್ಮನೆಯೋ ಎಂದು ಮಮತ ಲೆಕ್ಕ ಹಾಕುತ್ತ ನಿಲ್ಲಲಿಲ್ಲ, ಓಡಿದಳು. ಆಮೇಲೆ ಅವಳಿಗೆ ಮಕ್ಕಳಾಗಲಿಲ್ಲ. ಆಗಲಿಲ್ಲವೆಂಬ ಕೊರಗು ಇತ್ತೇ ಎಂದು ಯಾರಾದರೂ ಕೇಳಿದರೆ ನಿಜವಾದ ಉತ್ತರ, ಇರಲಿಲ್ಲ.

ಆದರೆ ಇನ್ನೊಂದು ನಿಜವೂ ಇತ್ತು. ಅದನ್ನು ಅವಳು ಅಕ್ಕಿಯ ಪಾತ್ರೆಯ ಮುಂದೆ ನಿಂತು ಈಗ ನೆನೆದಳು. ಮೂರು ವರ್ಷದ ಹಿಂದೆ ದಿವ್ಯಳ ಮದುವೆಯ ಪತ್ರಿಕೆ ಅಚ್ಚಾಗಿ ಬಂತು. ‘ಶ್ರೀ ನಂದೀಶ್ ಮತ್ತು ದಿವಂಗತ ಶ್ರೀಮತಿ ಅನುಸೂಯ ಇವರ ಪುತ್ರಿ’ ಎಂದಿತ್ತು. ಬೈರೇಶ ಓಡಾಡಿ ಅಚ್ಚು ಹಾಕಿಸಿದ್ದ. ದಿವ್ಯ ನೋಡಿ ಅತ್ತಳು, ಮತ್ತೆ ಅಚ್ಚು ಹಾಕಿಸೋಣ ಎಂದಳು. ಮಮತಳೇ ‘ಬಿಡು ಮಗ, ಅದ್ರಲ್ಲೇನಿದೆ’ ಎಂದು ಸಮಾಧಾನ ಮಾಡಿದ್ದಳು. ಆ ಅಮಾವಾಸ್ಯೆಯಂದು ಅವಳು ಆ ಕಲ್ಲನ್ನು ಬಹಳ ಹೊತ್ತು ಉಜ್ಜಿದ್ದಳು. ಭುಜ ನೋಯುವವರೆಗೆ. ಆ ಹೊತ್ತಿನಲ್ಲಿ ಮನಸ್ಸಿನಲ್ಲಿ ಏನಿತ್ತು? ಮಸಿಯೇ? ಅವಳು ಪ್ರಮಾಣ ಮಾಡಲಾರಳು. ಕೈಗೆ ಗೊತ್ತಿದ್ದದ್ದು ಕೆಲವೊಮ್ಮೆ ಕೈಯಲ್ಲೇ ಉಳಿದುಬಿಡುತ್ತದೆ.

ಮಧ್ಯಾಹ್ನ ಊಟವಾಗುವ ಹೊತ್ತಿಗೆ ಗೋಪಾಲಪ್ಪ ಸ್ಕೂಟರಿನಲ್ಲಿ ಬಂದ. ಅರಿಶಿನಕುಂಟೆಯ ಹತ್ತಿರ ಹೈವೇ ಪಕ್ಕದಲ್ಲಿ ಕಲ್ಲು ಕೆತ್ತುವ ಅವನೇ ಏಳು ವರ್ಷದ ಹಿಂದೆ ಈ ಕಲ್ಲನ್ನು ಮಾಡಿಕೊಟ್ಟವನು. ನಂದೀಶ, ಬೈರೇಶ, ಮಮತ ಅವನ ಹಿಂದೆ ಹೊಲಕ್ಕೆ ಹೋದರು. ಅವನು ಕನ್ನಡಕ ಏರಿಸಿ, ಕಲ್ಲಿನ ಮೈ ಸವರಿ, ಬೆರಳಿಗೆ ಹತ್ತಿದ ಹರಳನ್ನು ಉಜ್ಜಿ ನೋಡಿದ.

“ಏನ್ ಹಾಕಿ ತೊಳೀತಿದ್ರಿ?”

ಮಮತಳೇ ಹೇಳಿದಳು. “ಹುಣಸೆಹಣ್ಣು.”

ಗೋಪಾಲಪ್ಪ ಹಣೆ ಚಚ್ಚಿಕೊಂಡ. “ಅಯ್ಯೋ ತಾಯಿ! ಹಾಲುಗಲ್ಲು ಅಂದ್ರೆ ಏನ್ ತಿಳ್ಕೊಂಡಿದ್ದೀಯವ್ವ? ಸುಣ್ಣದ ಒಡಹುಟ್ಟಿದ್ದು ಅದು. ನಮ್ ಬೂದುಗಲ್ಲಿಗೆ ಎಷ್ಟ್ ಹುಳಿ ಹುಯ್ದ್ರೂ ಅದ್ಕೆ ಸುದ್ದಿನೇ ಗೊತ್ತಾಗಲ್ಲ. ಇದ್ಕೆ ಹುಯ್ದ್ರೆ ಕರಗ್ತದೆ. ಗುಳ್ಳೆ ಬರ್ತಿರಲಿಲ್ವಾ?”

“ಬರ್ತಿತ್ತು. ಕೊಳೆ ಬಿಡ್ತಾ ಐತೆ ಅಂತ...”

“ಕೊಳೆಯಲ್ಲ ಕಣವ್ವ, ಕಲ್ಲೇ ಬಿಡ್ತಿತ್ತು.”

ಬೈರೇಶ ಮಮತಳ ಕೈಯನ್ನೇ ನೋಡಿದ. ನಂದೀಶನ ಮುಖದಲ್ಲಿ ಒಂದು ನಿರಾಳ ಕಾಣಿಸಿತು. ಕಾರಣ ಸಿಕ್ಕಿತಲ್ಲ ಎಂಬ ನಿರಾಳ. ಮಮತ ಅದನ್ನು ನೋಡಿದಳು.

ಗೋಪಾಲಪ್ಪ ಅಳತೆ ತೆಗೆದುಕೊಂಡ. ಪಟ್ಟಿ ಸುತ್ತುತ್ತ ಪಕ್ಕದ ಮೋಟಾರು ಮನೆಯ ಮೇಲೆ ಕಣ್ಣು ಹಾಕಿದ. “ಈ ಜಿಂಕ್ ಶೀಟು ಏನ್ ಸ್ವಾಮಿ, ಜರಡಿ ಆಗ್ಬಿಟ್ಟೈತೆ?”

“ಅಂಗಡಿಯೋನು ಮೋಸ ಮಾಡ್ದ. ಅಗ್ಗದ್ದು ಕೊಟ್ಟ,” ಎಂದ ನಂದೀಶ.

“ತೊಟ್ಟೀನೂ ಮರಳು ಬಿಟ್ಕಂಡೈತೆ.”

“ಮೇಸ್ತ್ರಿ ಕಳ್ಳ. ಸಿಮೆಂಟೇ ಹಾಕಿಲ್ಲ.”

ಗೋಪಾಲಪ್ಪ ಶೆಡ್ಡಿನ ಕೊಳವೆಯತ್ತ ನೋಡಿದ. ಕಪ್ಪಲ್ಲದ, ಬಿಳಿಯೂ ಅಲ್ಲದ ಹೊಗೆ ಮೋಡಗಳ ಕಡೆಗೆ ಅವಸರವಿಲ್ಲದೆ ಹೋಗುತ್ತಿತ್ತು. “ಅಲ್ಲೇನ್ ಸುಡ್ತಾರೆ?”

“ಟೈರು. ನಮ್ದೇ ಜಾಗ, ಬಾಡಿಗೆಗೆ ಕೊಟ್ಟಿದ್ದೀವಿ.”

“ಓ, ನಿಮ್ದೇನಾ...” ಗೋಪಾಲಪ್ಪ ಮಾತನ್ನು ನುಂಗಲು ಹೋಗಿ ಆಗದೆ, “ಅಲ್ಲ, ಗಂಧಕದ ಹೊಗೆ ಇದ್ದ ಕಡೆ ಮಳೇನೇ ಹುಳಿಯಾಗಿ ಬೀಳ್ತದಂತೆ. ನಾನು ಕಾರ್ಖಾನೆ ಸುತ್ತಮುತ್ತ ಎಷ್ಟೋ ಕಲ್ಲು ನೋಡಿದ್ದೀನಿ...” ಎಂದ.

ನಂದೀಶ ಗಟ್ಟಿಯಾಗಿ ನಕ್ಕ. “ಹುಳಿ ಮಳೆಯಂತೆ ಗುರೂ! ಹಂಗಾದ್ರೆ ಬೇಳೆ ಬೇಯ್ಸಿ ಅಂಗಳದಲ್ಲಿಟ್ರೆ ಸಾರು ತಾನಾಗೇ ಆಗ್ಬಿಡ್ಬೇಕು!” ಬೈರೇಶನೂ ನಕ್ಕ. ಗೋಪಾಲಪ್ಪನೂ ನಕ್ಕು ಸ್ಕೂಟರು ಹತ್ತಿದ. ಹೊಸ ಕಲ್ಲಿನ ಗಿರಾಕಿಯ ಜೊತೆ ಅವನೇಕೆ ವಾದ ಮಾಡುತ್ತಾನೆ?

ಮಮತ ಮಾತ್ರ ನಗಲಿಲ್ಲ. ಅವಳಿಗೆ ದಿವ್ಯಳ ಒಂಬತ್ತನೇ ತರಗತಿಯ ವಿಜ್ಞಾನದ ಪುಸ್ತಕ ನೆನಪಾಯಿತು. ಹುಡುಗಿ ಅಂಗಳದಲ್ಲಿ ಅತ್ತಿಂದಿತ್ತ ನಡೆಯುತ್ತ ಬಾಯಿಪಾಠ ಒಪ್ಪಿಸುತ್ತಿದ್ದಳು, ಇವಳು ಪುಸ್ತಕ ಹಿಡಿದು ಜಗಲಿಯಲ್ಲಿ ಕೂತು ತಪ್ಪಿದ ಕಡೆ ತಿದ್ದುತ್ತಿದ್ದಳು. ‘ಆಮ್ಲ ಮಳೆ ಎಂದರೇನು? ಅದರ ಎರಡು ಪರಿಣಾಮ ಬರೆಯಿರಿ.’ ಎರಡು ಅಂಕದ ಪ್ರಶ್ನೆ. ‘ಲೋಹಗಳು ತುಕ್ಕು ಹಿಡಿಯುತ್ತವೆ’ ಎಂದು ಹೇಳಿ ದಿವ್ಯ ಪ್ರತಿ ಸಲ ಎರಡನೆಯದನ್ನು ಮರೆಯುತ್ತಿದ್ದಳು. ‘ಅಮೃತಶಿಲೆ ಕಣೇ, ಹಾಲುಗಲ್ಲು, ಅಮೃತಶಿಲೆಯ ಕಟ್ಟಡಗಳು ಸವೆಯುತ್ತವೆ’ ಎಂದು ಮಮತ ಎಷ್ಟು ಸಲ ಹೇಳಿಕೊಟ್ಟಿದ್ದಳೋ. ಪರೀಕ್ಷೆಗೆ ಆ ಪ್ರಶ್ನೆ ಬರಲಿಲ್ಲ.

ಸಂಜೆಯವರೆಗೂ ಫೋನು ಬರಲಿಲ್ಲ.

ಭಾನುವಾರ ಬೆಳಿಗ್ಗೆ ಹತ್ತರ ಬಸ್ಸಿಗೆ ದಿವ್ಯ ಒಬ್ಬಳೇ ಬಂದಳು. ಗಂಡನಿಗೆ ಮಗ್ಗದ ಕೆಲಸ ಬಿಡುವಿಲ್ಲ ಎಂದಳು. ಅಜ್ಜಿಗೆ ನಮಸ್ಕಾರ ಮಾಡಿದಳು, ಅಪ್ಪನನ್ನು ಕೆಮ್ಮಿನ ಬಗ್ಗೆ ವಿಚಾರಿಸಿದಳು, ಮಾವ ಬೈರೇಶನ ಪಕ್ಕ ಕೂತು ಕಾಫಿ ಕುಡಿದಳು. ಅಡುಗೆಮನೆಗೆ ಬಂದು “ಕಡುಬು ಆಯ್ತಾ? ಎಲೆ ನಾನು ಒರೆಸ್ಲಾ?” ಎಂದಳು. ಒರಟಾಗಿ ಅಲ್ಲ. ಆದರೆ ಯಾವ ಮಾತಿನ ತುದಿಯಲ್ಲೂ ‘ಅಮ್ಮ’ ಇರಲಿಲ್ಲ. ಮಮತ ಪ್ರತಿ ಮಾತಿನ ಕೊನೆಗೂ ಕಾದಳು. ಮೆಟ್ಟಿಲಿದೆಯೆಂದು ಕಾಲಿಟ್ಟು ಅಲ್ಲಿ ಇಲ್ಲದಿದ್ದರೆ ಹೇಗೋ ಹಾಗೆ ಪ್ರತಿ ಸಲ ಒಳಗೆ ಏನೋ ಜಾರಿತು.

ಹೊಲದ ಮೂಲೆಯಲ್ಲಿ ಎಡೆ ಇಟ್ಟರು. ಬಾಳೆಲೆಯ ಮೇಲೆ ಕಡುಬು, ವಡೆ, ಅನ್ನ, ಕಾಳಿನ ಸಾರು. ಪಕ್ಕದಲ್ಲಿ ಬಳೆ, ಕುಂಕುಮ, ಮಡಿಸಿದ ಸೀರೆ. ನೇರಳೆ ಬಣ್ಣ, ತೆಳು ಕಂದು ಅಂಚು. ದಿವ್ಯ ಕಲ್ಲಿನ ಮುಂದೆ ಕೂತು ಅಕ್ಷರಗಳಿದ್ದ ಜಾಗದಲ್ಲಿ ಕೈಯಿಟ್ಟಳು. ಬಹಳ ಹೊತ್ತು ತೆಗೆಯಲಿಲ್ಲ. ಹೆತ್ತಮ್ಮನ ಮುಖ ಅವಳಿಗೆ ನೆನಪಿರಲಿಲ್ಲ ಎಂದು ಮಮತಳಿಗೆ ಗೊತ್ತಿತ್ತು. ಈ ಮೂಲೆಯಲ್ಲಿ ಅವಳ ಪಾಲಿಗೆ ಅಮ್ಮ ಎಂದರೆ ಈ ಹೆಸರೇ. ಕೈ ಬೆರಳಿನಿಂದ ಓದಬಹುದಾದದ್ದು.

ಪೂಜೆ ಮುಗಿಯಿತು. ಪಿಳ್ಳಮ್ಮ, “ಸೀರೆ ತಗೊಳ್ಳೇ ಮಮತ, ಉಟ್ಕಂಡು ಬಾ, ಊಟಕ್ಕೆ ಹೊತ್ತಾಯ್ತು,” ಎಂದಳು.

ಮಮತ ಬಗ್ಗುವುದರೊಳಗೆ ದಿವ್ಯ ಸೀರೆಯನ್ನು ಎತ್ತಿಕೊಂಡಳು. “ಈ ಸಲ ನಾನು ಉಡ್ತೀನಿ ಅಜ್ಜಿ.”

“ಸವತಿ ಅಲ್ವೇನೇ ಉಡ್ಬೇಕಾದ್ದು?”

“ಮಗಳು ಉಟ್ರೆ ಏನಾಗುತ್ತೆ?”

“ಆಗದೇನು, ಏನಿಲ್ಲ,” ಎಂದ ಬೈರೇಶ. “ಸರಿಯಾಗಿ ಹೇಳ್ದೆ ಮಗ.”

ದಿವ್ಯ ಸೀರೆಯನ್ನು ತನ್ನ ಚೀಲಕ್ಕೆ ಹಾಕಿಕೊಂಡಳು. ಮಮತಳ ಕೈ ಇನ್ನೂ ಮುಂದೆ ಚಾಚಿತ್ತು. ಆ ಕೈಗೆ ಏನಾದರೂ ಕೆಲಸ ಬೇಕಾಗಿತ್ತು. ದೀಪದ ಬತ್ತಿ ಸರಿಮಾಡಿದಳು.

ಅಷ್ಟರಲ್ಲಿ ರಾಗಿ ಹೊಲದ ಮೇಲಿಂದ ಗಾಳಿ ಎದ್ದು ತುಂತುರು ಶುರುವಾಯಿತು. ಎಲ್ಲರೂ ಪಾತ್ರೆಗಳನ್ನು ಎತ್ತಿಕೊಂಡು ಮನೆಯತ್ತ ಓಡಿದರು. ಗಾಳಿಗೆ ಹಿತ್ತಾಳೆಯ ಮುಚ್ಚಳವೊಂದು ಉರುಳಿ ಕಲ್ಲಿನ ಹಿಂದಕ್ಕೆ ಹೋಯಿತು. ಅದನ್ನು ತರಲೆಂದು ಮಮತ ಹಿಂಬದಿಗೆ ಹೋದಳು.

ಅಲ್ಲಿ ಕತ್ತಾಳೆಯ ಬೇಲಿ ಕಲ್ಲಿಗೆ ಆತುಕೊಂಡು ಬೆಳೆದಿತ್ತು. ಮುಳ್ಳಿಗೆ ಹೆದರಿ ಯಾರೂ ಆ ಕಡೆ ಹೋಗುತ್ತಿರಲಿಲ್ಲ. ಮಮತಳೂ ಈ ಏಳು ವರ್ಷದಲ್ಲಿ ಒಂದು ದಿನವೂ ಹಿಂಬದಿಯನ್ನು ತೊಳೆದಿರಲಿಲ್ಲ. ಎದುರಿಗೆ ಕಾಣುವ ಬದಿ ಚೊಕ್ಕಟವಾಗಿದ್ದರೆ ಸಾಕಿತ್ತು. ಸೆರಗನ್ನು ಕೈಗೆ ಸುತ್ತಿ ಕತ್ತಾಳೆಯ ಎಲೆಯೊಂದನ್ನು ಪಕ್ಕಕ್ಕೆ ಬಾಗಿಸಿ ಮುಚ್ಚಳಕ್ಕೆ ಬಗ್ಗಿದಾಗ ಅವಳ ಇನ್ನೊಂದು ಕೈ ಆಸರೆಗೆ ಕಲ್ಲನ್ನು ಹಿಡಿಯಿತು.

ಅಂಗೈಯಷ್ಟಕ್ಕೂ ಹರಳು ಅಂಟಿತು.

ಅವಳು ನೇರವಾಗಿ ನಿಂತು ನೋಡಿದಳು. ಶೆಡ್ಡಿನ ಕಡೆಗೆ ಮುಖ ಮಾಡಿದ ಬದಿ ಅದು. ಮೇಲಿಂದ ಕೆಳಗಿನವರೆಗೆ ಸಣ್ಣ ಸಣ್ಣ ಗುಂಡಿಗಳು. ನೀರು ಇಳಿಯುವ ಕಡೆ ಉದ್ದನೆಯ ಕಾಲುವೆಗಳು. ಇಲ್ಲಿ ‘ಮಗಳು ದಿವ್ಯಳ ನಮನ’ ಎಂದು ಕೆತ್ತಿಸಿದ್ದರು. ಯಾರೂ ನೋಡದ ಕಡೆ ಇರಲಿ ಎಂದು ದಿವ್ಯಳೇ ಹೇಳಿದ್ದು. ಅಲ್ಲಿ ಈಗ ‘ಮ’ದ ಒಂದು ಗೆರೆ ಇತ್ತು. ಮುಂಬದಿಯಲ್ಲಿ ಉಳಿದಷ್ಟೂ ಇಲ್ಲಿ ಉಳಿದಿರಲಿಲ್ಲ.

ಇಲ್ಲಿ ಹುಣಸೆಹಣ್ಣು ಮುಟ್ಟಿರಲಿಲ್ಲ. ಇಲ್ಲಿ ಯಾರ ಕೈಯೂ ಮುಟ್ಟಿರಲಿಲ್ಲ.

ಕಲ್ಲು ನಿಂತ ಚಪ್ಪಡಿಯನ್ನು ಮುಟ್ಟಿದಳು. ಊರ ಬಂಡೆಯದು, ಬೂದುಬಣ್ಣದ್ದು. ಉಳಿಯ ಗುರುತುಗಳು ಮೊನ್ನೆ ಮೊನ್ನೆಯವೆಂಬಂತೆ ಚುಚ್ಚಿದವು. ತಿರುಗಿ ಮೋಟಾರು ಮನೆ ನೋಡಿದಳು, ತೊಟ್ಟಿ ನೋಡಿದಳು. ಶೀಟಿಗೆ ತೂತು ಬಿತ್ತು, ಅಂಗಡಿಯವನು ಮೋಸಗಾರನಾದ. ತೊಟ್ಟಿ ಮರಳು ಬಿಟ್ಟಿತು, ಮೇಸ್ತ್ರಿ ಕಳ್ಳನಾದ. ಹೆಸರು ಅಳಿಯಿತು, ಎರಡನೆಯ ಹೆಂಡತಿ ಹೊಟ್ಟೆಕಿಚ್ಚಿನವಳಾದಳು. ಒಂದೇ ಮಳೆ ಎಲ್ಲದರ ಮೇಲೂ ಬಿದ್ದಿತ್ತು, ಪ್ರತಿಯೊಂದಕ್ಕೂ ಬೇರೆ ಬೇರೆ ಅಪರಾಧಿ ಸಿಕ್ಕಿದ್ದ. ಕಲ್ಲು ಹಾಕಿದ ಮೊದಲೆರಡು ವರ್ಷ ಬರೀ ನೀರಿನಲ್ಲಿ ತೊಳೆದರೆ ಸಾಕಾಗುತ್ತಿತ್ತು. ಶೆಡ್ಡು ಬಂದು ಜಿಡ್ಡು ಮಸಿ ಕೂರತೊಡಗಿದ ಮೇಲಲ್ಲವೇ ಅವಳು ಹುಣಸೆಹಣ್ಣು ಹಿಡಿದದ್ದು?

ಹನಿ ಅವಳ ತುಟಿಯ ಮೇಲೆ ಬಿತ್ತು. ನಾಲಗೆಯಿಂದ ಮುಟ್ಟಿದಳು. ಹುಳಿಯೇನೂ ಇರಲಿಲ್ಲ, ಮಳೆಯ ಹಾಗೆಯೇ ಇತ್ತು. ನಂದೀಶ ಇದ್ದಿದ್ದರೆ ನಗುತ್ತಿದ್ದ.

“ಅಮ್ಮಾ! ಎಲ್ಲಿದ್ದೀರಾ? ನೆನೀತಾ ಇದ್ದೀರಲ್ಲ!”

ದಿವ್ಯ ಕೊಡೆ ಹಿಡಿದು ಬರುತ್ತಿದ್ದಳು. ಆ ಕರೆ ಅವಳ ಬಾಯಿಂದ ಯೋಚನೆಯಿಲ್ಲದೆ ಬಂದಿತ್ತು, ಹಿತ್ತಿಲಲ್ಲಿ ಬಿದ್ದ ದಿನ ಬಂದ ಹಾಗೆ. ಎರಡು ಹೆಜ್ಜೆ. ಕೈ ಹಿಡಿದು ಈ ಕಡೆ ಎಳೆದು ತೋರಿಸಿದರೆ ಮುಗಿಯಿತು. ‘ನೋಡು, ಇಲ್ಲಿ ನಾನು ಉಜ್ಜಿಲ್ಲ.’ ಅವಳು ಬಾಯಿ ತೆರೆದಳು.

ದಿವ್ಯ ಮುಂಬದಿಯಲ್ಲೇ ನಿಂತಳು. “ನೀವು ಬೇಕಂತ ಮಾಡಿಲ್ಲ ಅಂತ ನಂಗೊತ್ತು,” ಎಂದಳು, ಕಲ್ಲನ್ನು ನೋಡುತ್ತ. “ಮಾವನಿಗೂ ಅದನ್ನೇ ಹೇಳ್ದೆ. ಆದ್ರೆ... ಅಷ್ಟು ಯಾಕೆ ಉಜ್ಜಬೇಕಿತ್ತು?”

ಆ ‘ಆದ್ರೆ’ಯಲ್ಲಿ ಮಮತಳ ಮಾತು ನಿಂತಿತು. ಮದುವೆಯ ಪತ್ರಿಕೆ ಬಂದ ತಿಂಗಳು ಅವಳಿಗೆ ನೆನಪಾಯಿತು. ಕಲ್ಲಿನ ಬೆನ್ನನ್ನು ತೋರಿಸಿ ತಾನು ಪಾರಾಗಬಹುದು. ಆದರೆ ಮುಂಬದಿಯ ಮೇಲೆ ಬಿದ್ದದ್ದು ಮಳೆಯೊಂದೇ ಅಲ್ಲ.

“ಮಸಿ ಹೋಗ್ಲಿ ಅಂತ, ಮಗ,” ಎಂದಳು. “ಅದ್ಕಿಂತ ಜಾಸ್ತೀನೇ ಉಜ್ಜಿದ್ದೀನಿ ಒಂದೊಂದ್ ಸಲ. ಅದು ನಿಜ.”

ದಿವ್ಯ ಅವಳನ್ನು ನೋಡಿದಳು. ಇಂಥ ಉತ್ತರವನ್ನು ಅವಳು ನಿರೀಕ್ಷಿಸಿರಲಿಲ್ಲ. ಕೊಡೆಯನ್ನು ಇಬ್ಬರ ಮೇಲೂ ಬರುವಂತೆ ಹಿಡಿದಳು. ಇಬ್ಬರೂ ಬದುವಿನ ಮೇಲೆ ಮನೆಯತ್ತ ನಡೆದರು.

ನಡೆಯುತ್ತ ಮಮತ ಯೋಚಿಸಿದಳು. ಈಗ ತೋರಿಸಿದರೆ ದಿವ್ಯ ನೇರ ಹೋಗಿ ಅಪ್ಪನನ್ನು ಕೇಳುತ್ತಾಳೆ. ನಂದೀಶ ನಗುತ್ತಾನೆ, ಸಾರಿನ ಮಾತು ಮತ್ತೆ ಬರುತ್ತದೆ. ಮಮತ ನೆಪ ಹುಡುಕಿದಳು ಎನ್ನುತ್ತಾನೆ ಬೈರೇಶ. ಇದೆಲ್ಲ ಮಾತು. ಮಾತು ಮುಗಿಯುವುದರೊಳಗೆ ಸೋಮವಾರ ಬರುತ್ತದೆ, ಪೆನ್ನು ಬರುತ್ತದೆ. ಗೋಪಾಲಪ್ಪನ ಹೊಸ ಕಲ್ಲು ನಿಲ್ಲುತ್ತದೆ, ಅದರ ಮೇಲೂ ಇದೇ ಮಳೆ. ಆಗ ಬರೀ ನೀರಿನಲ್ಲಿ ತೊಳೆದರೂ ಆ ಹೆಸರು ಕರಗುತ್ತದೆ, ಕೈ ಮಾತ್ರ ಇವಳದೇ ಇರುತ್ತದೆ.

ಊಟವಾಯಿತು. ಪಿಳ್ಳಮ್ಮ ಎರಡು ಕಡುಬು ಹೆಚ್ಚೇ ತಿಂದು, “ಹು‌ಳೀನೇ ಇಲ್ವಲ್ಲೇ ಸಾರಿಗೆ, ಎಲ್ಲಾನೂ ಕಲ್ಲಿಗೆ ಹುಯ್ದ್ಯಾ?” ಎಂದಳು. ಎಲ್ಲರೂ ನಕ್ಕರು. ದಿವ್ಯಳಿಗೂ ನಗು ಬಂತು, ತಡೆದುಕೊಂಡಳು. ಮಮತಳಿಗೂ ಬಂತು, ತಡೆಯಲಿಲ್ಲ.

ನಾಲ್ಕರ ಬಸ್ಸಿಗೆ ದಿವ್ಯ ಹೊರಟಳು. ಬಾಗಿಲ ಬಳಿ ಚಪ್ಪಲಿ ಹಾಕಿಕೊಳ್ಳುತ್ತ, ಮುಖ ಎತ್ತದೆ, “ಹೊಸ ಕಲ್ಲು ಬಂದ್ಮೇಲೆ ಬರೀ ನೀರಲ್ಲಿ ತೊಳೀರಿ ಅಮ್ಮ. ಸಾಕು,” ಎಂದಳು.

“ಹೂಂ,” ಎಂದಳು ಮಮತ.

ಸೀರೆ ಚೀಲದಲ್ಲೇ ಹೋಯಿತು. ಬಸ್ಸು ತಿರುವು ದಾಟುವವರೆಗೆ ನಿಂತಿದ್ದು ಮಮತ ಒಳಗೆ ಬಂದಳು. ಬೆಳಿಗ್ಗೆಯಿಂದ ನೆಲೆ ಸಿಗದೆ ಅಲೆಯುತ್ತಿದ್ದ ಕೈಗಳು ಈಗ ನಿಧಾನವಾಗಿದ್ದವು. ಹೊಲದಿಂದ ತಂದ ಬಟ್ಟಲಿನಲ್ಲಿ ನಿನ್ನೆಯ ಹುಣಸೆಹಣ್ಣು ಇನ್ನೂ ಇತ್ತು. ಅದನ್ನು ಹಿತ್ತಿಲ ಬೂದಿಗುಂಡಿಗೆ ಹಾಕಿ ಬಟ್ಟಲು ತೊಳೆದು ಬೋರಲು ಹಾಕಿದಳು. ತನ್ನ ಪಾಲಿನದು ಅಲ್ಲಿಗೆ ನಿಂತಿತು. ಇನ್ನೊಂದು ಪಾಲನ್ನು, ಶೆಡ್ಡಿನದನ್ನು, ನಿಲ್ಲಿಸಲೂ ಅವಳ ಕೈಯೇ ಸಾಕಾಗಿತ್ತು. ಅದಕ್ಕೆ ಉಜ್ಜುವುದೂ ಬೇಕಿರಲಿಲ್ಲ. ಪೆನ್ನು ಮುಂದೆ ಬಂದಾಗ ಸುಮ್ಮನೆ ಮಡಿಲಲ್ಲಿ ಇಟ್ಟುಕೊಂಡರೆ ಆಯಿತು. ಯಾಕೆ ಎಂದು ಕೇಳುತ್ತಾರೆ. ಕೂಗಾಡುತ್ತಾರೆ. ಸವತಿಯ ಹೆಸರು ತಿಂದವಳು ಮನೆಯ ಅನ್ನಕ್ಕೂ ಕಲ್ಲು ಹಾಕಿದಳು ಎನ್ನುತ್ತಾರೆ. ಅನ್ನಲಿ.

ದಿವ್ಯ ಒಂದು ದಿನ ತಾನಾಗಿಯೇ ಕಲ್ಲಿನ ಹಿಂದಕ್ಕೆ ಹೋದಾಳು, ಹೋಗದೆಯೂ ಇರಬಹುದು.

ಹೊರಗೆ ಮಳೆ ನಿಂತು ಟೈರಿನ ಕಮಟು ವಾಸನೆ ಒಳಕ್ಕೆ ಬರುತ್ತಿತ್ತು. ನಂದೀಶ ಗೂಡಿನಲ್ಲಿ ಪೆನ್ನು ಹುಡುಕಿ, ಅಂಗೈಯ ಮೇಲೆ ಗೀಚಿ, ಬರೆಯುತ್ತದೆಯೇ ಎಂದು ನೋಡಿದ.

“ನಾಳೆ ಬೆಳಗ್ಗೆ ಎಲ್ಲೂ ಹೋಗ್ಬೇಡ ಕಣೇ. ಅವ್ರು ಹತ್ತು ಗಂಟೆಗೆಲ್ಲಾ ಬಂದ್ಬಿಡ್ತಾರೆ.”

“ಎಲ್ಲಿಗೂ ಹೋಗಲ್ಲ,” ಎಂದಳು ಮಮತ. “ಇಲ್ಲೇ ಇರ್ತೀನಿ.”